ಒಲ್ಲದ ಕೆಲಸ, ಆಡದ ಮಾತು
(ಕಾರ್ಮಿಕ ಸಂತ ಜೋಸೆಫರ ಹಬ್ಬ – ಮೇ 1)



ಲೋಕವೆಲ್ಲ ಕಾರ್ಮಿಕರ ದಿನವನ್ನು ಆಚರಿಸುವ ಮೇ ಒಂದನ್ನೇ ಆರಿಸಿಕೊಂಡು ಜಗದ್ಗುರು ಹನ್ನೆರಡನೇ ಪಯಸ್‌ರವರು 1955ರಲ್ಲಿ ಈ ಹಬ್ಬವನ್ನು ಸ್ಥಾಪಿಸಿದರು. ಪ್ರತಿವರ್ಷ ಈ ದಿನ ನಾವು ಕೆಲಸದ ಘನತೆಯ ಬಗ್ಗೆ ಕೇಳುತ್ತೇವೆ, ತಲೆದೂಗುತ್ತೇವೆ. ಆದರೆ ನಾಳೆ ಬೆಳಗ್ಗೆ ಊಟದ ಡಬ್ಬಿ ಹಿಡಿದು ಬಸ್ಸು ಹತ್ತುವಾಗ ನಮ್ಮಲ್ಲಿ ಎಷ್ಟೋ ಜನರ ಮನಸ್ಸು ಹೇಳುವುದೇ ಬೇರೆ: ‘ಅಯ್ಯೋ, ಮತ್ತೆ ಅದೇ ಕೆಲಸವೇ?’ ಇಡೀ ಉದ್ಯೋಗವೇ ಬೇಡವೆಂದಲ್ಲ. ಅದರಲ್ಲಿ ಯಾವುದೋ ಒಂದು ಕೆಲಸ ನುಂಗಲಾರದ ತುತ್ತಾಗಿರುತ್ತದೆ. ಅದನ್ನು ಮೇಲಿನವರಿಗೆ ಹೇಳುವುದು ಹೇಗೆ?

ಶುಭಸಂದೇಶಗಳಲ್ಲಿ ಸಂತ ಜೋಸೆಫರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಇದನ್ನೇ ಹಿಡಿದುಕೊಂಡು, ಒಳ್ಳೆಯ ಕೆಲಸಗಾರ ಬಾಯಿ ಮುಚ್ಚಿಕೊಂಡಿರಬೇಕು ಎಂದು ಬೋಧಿಸುವವರಿದ್ದಾರೆ. ನಮಗೆ ಅದು ಒಪ್ಪಿಗೆಯಾಗುವುದಿಲ್ಲ. ಅವರು ಬಡಗಿ. ಯಾವ ಮರ, ಎಷ್ಟು ದಿನ, ಕೂಲಿ ಎಷ್ಟು ಎಂದು ಗಿರಾಕಿಯೊಡನೆ ಮಾತಾಡದೆ ಯಾವ ಬಡಗಿ ತಾನೇ ಒಂದು ಬಾಗಿಲು ಮಾಡಿಯಾನು? ಅವರ ಮೌನ ದೇವರಿಗೆ ಕಿವಿಗೊಟ್ಟವರ ಮೌನ, ಹೆದರಿದವರ ಮೌನವಲ್ಲ.

ಒಲ್ಲದ ಕೆಲಸ ಬಂದಾಗ ಏನೇನಾಗುತ್ತದೆ ಎಂಬುದಕ್ಕೆ ಪವಿತ್ರ ಗ್ರಂಥದಲ್ಲಿ ಇಬ್ಬರಿದ್ದಾರೆ. ಮೊದಲನೆಯವನು ಯೋನ. ನಿನೆವೆಗೆ ಹೋಗು ಎಂಬ ಅಪ್ಪಣೆಯಾದಾಗ ಅವನು ಹೋಗಲಾರೆ ಎನ್ನಲಿಲ್ಲ, ಏಕೆಂದು ಕೇಳಲಿಲ್ಲ. ನೇರವಾಗಿ ಬಂದರಿಗೆ ಹೋಗಿ, ಕೈಯಿಂದ ದುಡ್ಡು ಕೊಟ್ಟು ತಾರ್ಷೀಷಿನ ಹಡಗು ಹತ್ತಿದ. ಮುಂದೆ ಬಿರುಗಾಳಿ ಎದ್ದು ಆ ಹಡಗಿನಲ್ಲಿದ್ದ ಅನ್ಯರೂ ತಮ್ಮ ಸರಕನ್ನು ಸಮುದ್ರಕ್ಕೆ ಎಸೆಯಬೇಕಾಯಿತು. ನಾಲ್ಕನೇ ಅಧ್ಯಾಯಕ್ಕೆ ಬಂದಾಗ ಯೋನ ಸಿಟ್ಟಿನಿಂದ, ಊರಲ್ಲಿದ್ದಾಗಲೇ ನಾನು ಹೇಳಿರಲಿಲ್ಲವೇ ಎನ್ನುತ್ತಾನೆ. ಮೊದಲ ಅಧ್ಯಾಯವನ್ನು ತಿರುವಿ ನೋಡಿದರೆ ಅಂಥ ಮಾತೇ ಕಾಣುವುದಿಲ್ಲ! ನಾವೂ ಹೀಗೆಯೇ. ಕ್ಯಾಂಟೀನಿನಲ್ಲಿ ಹೇಳಿರುತ್ತೇವೆ, ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ಹಾರಾಡಿರುತ್ತೇವೆ. ಕೇಳಬೇಕಾದವರ ಕಿವಿಗೆ ಮಾತ್ರ ಅದು ಬಿದ್ದಿರುವುದಿಲ್ಲ. ಕೊನೆಗೆ ಕೆಲಸವನ್ನು ಕಾಟಾಚಾರಕ್ಕೆ ಮಾಡಿ ಮುಗಿಸುತ್ತೇವೆ. ನಷ್ಟ ಪಕ್ಕದಲ್ಲಿ ಕೂತವರಿಗೆ.

ಇನ್ನೊಬ್ಬನು ಮೋಶೆ. ಅವನಿಗೂ ಕೆಲಸ ಇಷ್ಟವಿರಲಿಲ್ಲ. ಆದರೆ ಕೆಲಸ ಕೊಟ್ಟಾತನ ಎದುರಿಗೇ ನಿಂತು, ತನ್ನ ನಾಲಿಗೆ ಮಂದ, ಮಾತು ಬಾರದು ಎಂದು ತನಗಿರುವ ಕಷ್ಟವನ್ನು ಬಿಡಿಸಿ ಹೇಳಿದ. ಅದಕ್ಕೆ ಉತ್ತರ ಬಂದಮೇಲೂ ಬೇರೆ ಯಾರನ್ನಾದರೂ ಕಳುಹಿಸು ಎಂದಾಗ ಸರ್ವೇಶ್ವರ ಸ್ವಾಮಿಗೆ ಕೋಪವೇ ಬಂತು ಎನ್ನುತ್ತದೆ ವಿಮೋಚನಕಾಂಡ. ಆದರೂ ಅದೇ ಕೋಪದ ನಡುವೆ, ಮಾತಾಡಬಲ್ಲ ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು. ಕೆಲಸ ತಪ್ಪಲಿಲ್ಲ, ಕೆಲಸದ ರೂಪ ಬದಲಾಯಿತು. ಮುಂದೆ ಮರುಭೂಮಿಯಲ್ಲಿ, ಇಷ್ಟು ಜನರನ್ನು ನಾನೊಬ್ಬನೇ ಹೊರಲಾರೆ ಎಂದು ಮೋಶೆ ಮೊರೆಯಿಟ್ಟಾಗ ಎಪ್ಪತ್ತು ಮಂದಿ ಹಿರಿಯರು ಹೆಗಲುಗೊಡಲು ಬಂದರು.

ನಮ್ಮ ನಡುವಿನ ಒಂದು ಉದಾಹರಣೆ ತೆಗೆದುಕೊಳ್ಳೋಣ. ಶಾಲೆಯ ಬಿಸಿಯೂಟದ ಲೆಕ್ಕ ಬರೆಯುವ ಹೊಣೆ ಒಬ್ಬ ಶಿಕ್ಷಕಿಯ ತಲೆಗೆ ಬಂದಿದೆ ಎನ್ನಿ. ಅಕ್ಕಿ ಎಷ್ಟು ಬಂತು, ಬೇಳೆ ಎಷ್ಟು ಖರ್ಚಾಯಿತು, ಎಷ್ಟು ಮಕ್ಕಳು ಉಂಡರು, ಎಲ್ಲವನ್ನೂ ದಿನದಿನವೂ ಬರೆಯಬೇಕು. ಆಕೆಗೆ ಅದು ಬೇಡ. ಬೆಳಗಿನ ಪ್ರಾರ್ಥನೆಯ ಗಂಟೆ ಹೊಡೆಯುವಾಗ ಎಲ್ಲರೆದುರು ‘ನನಗೇ ಯಾಕೆ ಯಾವಾಗಲೂ?’ ಎಂದರೆ ಮುಖ್ಯೋಪಾಧ್ಯಾಯಿನಿಯವರಿಗೆ ತಮ್ಮ ಮಾತು ಉಳಿಸಿಕೊಳ್ಳುವುದೇ ಮುಖ್ಯವಾಗುತ್ತದೆ. ಅದರ ಬದಲು ಶಾಲೆ ಬಿಟ್ಟಮೇಲೆ, ‘ಮೇಡಂ, ಐದು ನಿಮಿಷ ಮಾತಾಡಬಹುದೇ?’ ಎಂದು ಕೇಳಿ, ‘ಲೆಕ್ಕ ಬರೆಯುತ್ತಾ ಮೂರನೇ ಪೀರಿಯಡ್ಡಿನ ಗಣಿತ ದಿನಾ ಅರ್ಧಕ್ಕೇ ನಿಲ್ಲುತ್ತಿದೆ. ಈ ತಿಂಗಳು ನಾನು ಮುಗಿಸಿಕೊಡುತ್ತೇನೆ. ಮುಂದೆ ಸರದಿಯ ಮೇಲೆ ಮಾಡೋಣವೇ? ಅದಕ್ಕೆ ಬದಲಾಗಿ ಗ್ರಂಥಾಲಯ ನಾನು ನೋಡಿಕೊಳ್ಳುತ್ತೇನೆ’ ಎಂದರೆ? ಇಲ್ಲಿ ವ್ಯಕ್ತಿಯ ಮೇಲೆ ದೂರಿಲ್ಲ, ಕೆಲಸದ ಮಾತಿದೆ. ಯಾರಿಗೆ ನಷ್ಟವೆಂಬುದಿದೆ, ದಾರಿಯೂ ಇದೆ. ಮೇಡಂ ಆಗುವುದಿಲ್ಲ ಎನ್ನಲೂಬಹುದು. ಆಗ ಕಾರಣ ಕೇಳುವ ಹಕ್ಕು ನಮಗಿದೆ. ಎಷ್ಟೋ ಸಲ ನಮಗೆ ಕಾಣದ ಕಾರಣ ಅವರ ಮೇಜಿನ ಮೇಲಿರುತ್ತದೆ.

ಇಷ್ಟವಿಲ್ಲದ ಕೆಲಸ ಬೇರೆ, ಮಾಡಬಾರದ ಕೆಲಸ ಬೇರೆ. ಹುಟ್ಟಿದ ಗಂಡುಕೂಸುಗಳನ್ನು ಕೊಲ್ಲಿರೆಂದು ಫರೋಹನು ಹೇಳಿದಾಗ ಆ ಸೂಲಗಿತ್ತಿಯರು ಸರದಿ ಕೇಳಲಿಲ್ಲ, ಆ ಕೆಲಸವನ್ನೇ ಮಾಡಲಿಲ್ಲ. ಉಣ್ಣದ ಮಕ್ಕಳ ಹೆಸರಿನಲ್ಲಿ ಲೆಕ್ಕ ಬರೆ ಎಂದರೆ ಅಲ್ಲಿ ಚೌಕಾಸಿಗೆ ಜಾಗವಿಲ್ಲ.

ಮೇಲಿನವರೆಲ್ಲ ಮೋಶೆಯ ದೇವರಂತೆ ಕೇಳಿಸಿಕೊಳ್ಳುವುದಿಲ್ಲ ಎಂಬುದೂ ನಿಜ. ಗಾರ್ಮೆಂಟ್ಸಿನಲ್ಲಿ ದಿನದ ಟಾರ್ಗೆಟ್ ಮುಟ್ಟಲು ಹೊಲಿಯುವ ಹೆಣ್ಣುಮಗಳು ಸೂಪರ್‌ವೈಸರಿಗೆ ಎದುರಾಡಿದಳು ಎನಿಸಿಕೊಂಡರೆ ನಾಳೆ ಕೆಲಸವೇ ಇರಲಿಕ್ಕಿಲ್ಲ. ಅವಳಿಗೆ ‘ಧೈರ್ಯವಾಗಿ ಹೇಳಮ್ಮ’ ಎನ್ನುವುದು ನಮಗೆ ಸುಲಭ. ಒಬ್ಬಳ ಮಾತು ನಿಲ್ಲದ ಕಡೆ ಹತ್ತು ಜನ ಸೇರಿ ಹೇಳಬೇಕು. ಕಾರ್ಮಿಕರು ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಜಗದ್ಗುರು ಹದಿಮೂರನೇ ಲಿಯೋರವರು 1891ರಲ್ಲೇ ತಮ್ಮ ವಿಶ್ವಪತ್ರದಲ್ಲಿ ಎತ್ತಿಹಿಡಿದದ್ದು ಇದಕ್ಕಾಗಿಯೇ.

ಇಷ್ಟು ಹೊತ್ತು ನಾವೆಲ್ಲರೂ ಕೈಕೆಳಗಿನವರೇ ಎಂಬಂತೆ ಮಾತಾಡಿದೆವು. ಆದರೆ ನಮ್ಮ ಮನೆಯ ಪಾತ್ರೆ ತೊಳೆಯಲು ಬರುವ ಅಕ್ಕನಿಗೆ ನಾವೇ ಯಜಮಾನರು. ಈ ದೇವಾಲಯವನ್ನು ಗುಡಿಸುವವರಿಗೆ, ಗಂಟೆ ಬಾರಿಸುವವರಿಗೆ ಗುರುಗಳೂ ಪಾಲನಾ ಸಮಿತಿಯೂ ಯಜಮಾನರು. ಇಷ್ಟು ವರ್ಷಗಳಲ್ಲಿ ಅವರು ಯಾರೂ ನಮಗೆ, ಈ ಕೆಲಸ ನನಗೆ ಕಷ್ಟವಾಗುತ್ತದೆ ಎಂದು ಹೇಳಿಲ್ಲವೇ? ಹೇಳಿಲ್ಲವಾದರೆ ನಾಳೆ ನಾವೇ ಕೇಳೋಣ. ನಿಂತುಕೊಂಡಲ್ಲ, ಅವರಿಗೂ ಒಂದು ಕುರ್ಚಿ ಹಾಕಿ.

ಈಗ ಕಾಣಿಕೆಯ ಸಮಯ. ತಮ್ಮ ಕೆಲಸದ ಉಪಕರಣಗಳನ್ನು ತಂದಿರುವವರು ರೊಟ್ಟಿ, ದ್ರಾಕ್ಷಾರಸದ ಜೊತೆಗೆ ಅವನ್ನೂ ಬಲಿಪೀಠದ ಬಳಿಗೆ ತರಬೇಕೆಂದು ಕೋರುತ್ತೇವೆ.