‘ಕಣ್ರೀ’ ಅನ್ರಿ ಇನ್ನೊಮ್ಮೆ!

(ನಮ್ಮ ಬಳಗದ ಯುವಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ನನಗೆ ಕೊಟ್ಟಿರುವ ವಿಷಯ ‘ನಾಡು ಸುತ್ತಿ ನೋಡು’. ಇವನು ಬೇಲೂರು, ಹಂಪಿ, ಜೋಗ ಎಂದು ಅರ್ಧ ಗಂಟೆ ಬಣ್ಣಿಸುತ್ತಾನೆ, ನಾವು ಅಷ್ಟು ಹೊತ್ತು ಕಣ್ಣು ಮುಚ್ಚಿಕೊಳ್ಳಬಹುದು ಎಂದು ಹಿಂದಿನ ಸಾಲಿನವರು ಲೆಕ್ಕ ಹಾಕಿದ ಹಾಗಿದೆ. ಕ್ಷಮಿಸಿ, ನಾನು ಆ ಯಾವ ಊರಿಗೂ ಹೋಗಿಲ್ಲ. ನಾನು ಹೋದದ್ದು ನೀವು ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ದಾಟಿಹೋಗುವ ಊರುಗಳಿಗೆ. ಶಿರಾ, ಹಿರಿಯೂರು, ಹರಿಹರ, ಬ್ಯಾಡಗಿ, ಸವಣೂರು, ಲಕ್ಷ್ಮೇಶ್ವರ. ಅದೂ ಒಬ್ಬನೇ. ಅದೂ ಅಪ್ಪನ ಕಾಲದ ಗೇರ್ ಸ್ಕೂಟರಿನಲ್ಲಿ! ಬೆಳಿಗ್ಗೆ ಒಂದು ಸಲ ಪಕ್ಕಕ್ಕೆ ವಾಲಿಸಿ, ಬೇಡಿಕೊಂಡು, ಆಮೇಲೆ ಒದ್ದರೆ ಮಾತ್ರ ಎದ್ದೇಳುವ ಜಾತಿಯ ಗಾಡಿ ಅದು.

ಹೊರಡುವ ಮೊದಲು ಒಂದು ಹಳೆಯ ಸಂಗತಿ ಹೇಳಬೇಕು. ಮೂರು ವರ್ಷದ ಹಿಂದೆ ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ನಾವೊಂದು ನಗೆ ನಾಟಕ ಆಡಿದೆವು. ನಿಮ್ಮಲ್ಲಿ ಕೆಲವರು ನೋಡಿದ್ದೀರಿ, ಚಪ್ಪಾಳೆಯನ್ನೂ ತಟ್ಟಿದ್ದೀರಿ. ಅದರಲ್ಲಿ ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಬಂದ ಒಬ್ಬ ಪೆದ್ದ ಇದ್ದ. ಮಾತೆತ್ತಿದರೆ ‘ಹೌದ್ರೀ ಯಪ್ಪಾ’ ಅನ್ನುವುದು, ಲಿಫ್ಟಿನ ಬಾಗಿಲಿಗೆ ಕೈಮುಗಿಯುವುದು, ಇಷ್ಟೇ ಅವನ ಕೆಲಸ. ಆ ಪಾತ್ರ ಮಾಡಿದವನು ನಾನೇ. ಮೊದಲ ಬಹುಮಾನ ಬಂತು. ಸ್ಟೀಲಿನ ತಟ್ಟೆ, ಈಗಲೂ ಮನೆಯಲ್ಲಿದೆ. ಇದು ನಿಮ್ಮ ಮನಸ್ಸಿನಲ್ಲಿರಲಿ.

ಫೆಬ್ರವರಿಯ ಒಂದು ಬೆಳಿಗ್ಗೆ ಹೊರಟೆ. ಹೆದ್ದಾರಿ ಈಗ ಯಾವ ಊರಿನ ಒಳಗೂ ಹೋಗುವುದಿಲ್ಲ. ಊರು ಬಂತು ಅನ್ನುವಷ್ಟರಲ್ಲಿ ಬೈಪಾಸು ಅದನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಆದರೆ ದಾವಣಗೆರೆ, ಹಾವೇರಿಯಂಥ ಊರುಗಳ ಒಳಗೆ ಹಳೆಯ ರಸ್ತೆ ಹಾಗೇ ಉಳಿದಿದೆ. ಜನ ಅದನ್ನು ಇವತ್ತಿಗೂ ಪಿ.ಬಿ. ರೋಡ್ ಎನ್ನುತ್ತಾರೆ, ಪೂನಾ-ಬೆಂಗಳೂರು ರಸ್ತೆ. ಹೆದ್ದಾರಿ ಬಿಟ್ಟುಹೋದರೂ ಹೆಸರು ಬಿಟ್ಟುಹೋಗಿಲ್ಲ. ನಾನು ಹಿಡಿದದ್ದು ಆ ಒಳದಾರಿ. ಗಂಟೆಗೆ ನಲವತ್ತು ಮೈಲಿ ಎಂದು ಬರೆದುಕೊಳ್ಳಬೇಡಿ, ಕಿಲೋಮೀಟರು!

ಒಬ್ಬನೇ ತಿರುಗುವುದು ಎಷ್ಟು ಕಷ್ಟ ಎಂಬುದು ಶಿರಾದಲ್ಲೇ ಗೊತ್ತಾಯಿತು. ಮೊಗಲರ ಕಾಲದಲ್ಲಿ ಒಂದು ಸುಬಾದ ರಾಜಧಾನಿಯಾಗಿದ್ದ ಊರು, ಮಲ್ಲಿಕ್ ರಿಹಾನನ ಗೋರಿ ಎಲ್ಲಿ ಎಂದು ವಿಚಾರಿಸಿಕೊಂಡು ಒಂದು ಬೀದಿಗೆ ನುಗ್ಗಿದೆ. ಹೆಗಲಿಗೆ ಚೀಲ, ಕೈಯಲ್ಲಿ ನೋಟ್‌ಬುಕ್ಕು. ಜಗಲಿ ಮೇಲೆ ಕೂತಿದ್ದ ಹೆಂಗಸು ನನ್ನನ್ನು ನೋಡಿದವರೇ, ‘ಅವ್ನು ಮನೇಲಿಲ್ಲ ಸಾರ್, ಊರಿಗೋಗವ್ನೆ. ಮುಂದಿನ ವಾರ ಕಟ್ತಾನಂತೆ’ ಎಂದರು. ಯಾರು, ಏನು ಕಟ್ಟುತ್ತಾನೆ? ಆಮೇಲೆ ತಿಳಿಯಿತು, ನಾನು ಫೈನಾನ್ಸ್ ವಸೂಲಿಯವನು! ಗೋರಿ ನೋಡಲು ಬಂದೆ ಎಂದರೆ ಆಯಮ್ಮ ನಂಬಲಿಲ್ಲ. ನಂಬುವಂತೆ ನನ್ನ ಮುಖವೂ ಇರಲಿಲ್ಲ ಎನ್ನಿ.

ಇದೇ ಕಥೆ ದಾರಿಯುದ್ದಕ್ಕೂ. ಹಿರಿಯೂರಿನ ಹತ್ತಿರ ಮಾರಿಕಣಿವೆ ಜಲಾಶಯದ ಮೇಲೆ ನಿಂತಿದ್ದಾಗ ಒಬ್ಬರು ಬಂದು, ‘ನೀರಾವರಿ ಇಲಾಖೆಯವ್ರಾ?’ ಎಂದರು. ಅಲ್ಲ ಎಂದೆ. ‘ಹಂಗಾದ್ರೆ ಬೆಳೆ ವಿಮೆಯೋರು’ ಎಂದು ಅವರೇ ತೀರ್ಮಾನ ಮಾಡಿ, ಆ ಅಣೆಕಟ್ಟಿನ ಚರಿತ್ರೆ ಪೂರ್ತಿ ಒಪ್ಪಿಸಿದರು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಕ್ಕೆ. ಅವರ ತಾತ ನೋಡಿದ್ದನ್ನು ಇವರು ನೋಡಿದರು. ನಡುವೆ ಇವರ ಅಪ್ಪ ಒಬ್ಬರು, ಕಾದು ಕಾದು ನೋಡದೇ ಹೋದರು. ಇದನ್ನು ಹೇಳುವಾಗ ಆ ಮನುಷ್ಯ ನಗುತ್ತಲೇ ಇದ್ದರು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಚಿತ್ರದುರ್ಗದಲ್ಲಿ ಮಲಗಿದ್ದು, ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದದ್ದು, ಇವನ್ನೆಲ್ಲ ಬಿಡುತ್ತೇನೆ. ಬೆಣ್ಣೆ ದೋಸೆ ಬಗ್ಗೆ ಈಗಾಗಲೇ ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಮಾತಾಡುತ್ತಿದ್ದಾರೆ.

ಹರಿಹರಕ್ಕೆ ಬನ್ನಿ. ಹದಿಮೂರನೇ ಶತಮಾನದ ಹರಿಹರೇಶ್ವರನ ಗುಡಿ, ಪಕ್ಕದಲ್ಲಿ ತುಂಗಭದ್ರೆ. ಈ ಹೊಳೆ ಬರೀ ಹೊಳೆಯಲ್ಲ ಸ್ವಾಮಿ. 1956ರ ನವೆಂಬರ್ ಒಂದರವರೆಗೆ ಈಚೆ ದಡ ಮೈಸೂರು, ಆಚೆ ದಡ ಮುಂಬಯಿ. ಈಚೆ ಅಮಲ್ದಾರ, ಆಚೆ ಮಾಮಲೇದಾರ. ಸೇತುವೆ ದಾಟಿ ಸ್ವಲ್ಪ ದೂರ ಹೋಗಿ ಚಹಾ ಅಂಗಡಿಯಲ್ಲಿ ನಿಂತು ಕಿವಿಗೊಟ್ಟೆ. ‘ಐತೆ’ ಹೋಗಿ ‘ಐತಿ’ ಬಂದಿತ್ತು. ಮನೆ ಹೋಗಿ ಮನಿ, ಎಲೆ ಹೋಗಿ ಎಲಿ. ಗೆರೆ ಎಳೆದ ಹಾಗೆ ಏನಲ್ಲ, ದಾವಣಗೆರೆಯಿಂದಲೇ ನಿಧಾನವಾಗಿ ಶುರುವಾಗುತ್ತದೆ. ಆದರೆ ಆಚೆ ದಡದಲ್ಲಿ ಶಾಲೆ ಖಂಡಿತ ‘ಸಾಲಿ’, ಆಸ್ಪತ್ರೆ ‘ದವಾಖಾನಿ’, ಈರುಳ್ಳಿ ‘ಉಳ್ಳಾಗಡ್ಡಿ’. ಬಾಯಾರಿಕೆ ಎಂದು ನಾವೆಲ್ಲ ಪುಸ್ತಕದಲ್ಲಿ ಬರೆಯುತ್ತೇವಲ್ಲ, ಮಾತಾಡುವಾಗ ‘ನಂಗೆ ಥರ್ಸ್ಟ್’ ಅನ್ನುತ್ತೇವಲ್ಲ, ಅದಕ್ಕೆ ಅಲ್ಲಿ ಕೂಲಿಯವನೂ ‘ನೀರಡಿಕೆ’ ಎನ್ನುತ್ತಾನೆ. ಅಡ್ಡಾಡುವ ಮಾತಿನಲ್ಲಿ! ದವಾಖಾನಿ ಎಲ್ಲಿಯ ಕನ್ನಡ, ಅದು ಪಾರಸಿ ಎಂದು ಮೂಗು ಮುರಿಯುವವರು ನಮ್ಮಲ್ಲಿದ್ದಾರೆ. ಅಂಥವರು ಮೊದಲು ತಮ್ಮ ‘ಹಾಸ್ಪಿಟಲ್’ ಬಿಟ್ಟು ಬರಲಿ, ಆಮೇಲೆ ಮಾತಾಡೋಣ.

ದಾರಿ ಕೇಳಿದಾಗ ನನ್ನ ಮಾನ ಹೋಯಿತು. ರಾಣೆಬೆನ್ನೂರು ದಾಟಿ ಒಳದಾರಿಗೆ ಬಿದ್ದಿದ್ದೆ, ಫೋನಿನ ನಕ್ಷೆ ಸತ್ತಿತ್ತು. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಅಜ್ಜ, ‘ಮೂಡಕ್ಕ ಹೊಳ್ಳಿ, ಆಮ್ಯಾಲ ಬಡಗ ದಿಕ್ಕಿಗೆ ಸೀದಾ ಹೋಗ್ರಿ’ ಎಂದರು. ನಡು ಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲೆ. ಮೂಡಣ ಪಡುವಣ ಎಂದು ವೇದಿಕೆಯ ಮೇಲೆ ಗಂಟಲು ಹರಿದುಕೊಂಡವನು ನಾನು. ನನಗೆ ಮೂಡಣ ಯಾವ ಕಡೆ ಎಂದು ತಿಳಿಯಲಿಲ್ಲ! ಅಜ್ಜ ಎರಡು ನಿಮಿಷ ನನ್ನನ್ನೇ ನೋಡಿ, ಕೊನೆಗೆ ಎಮ್ಮೆಯ ಬಾಲ ತೋರಿಸಿ, ‘ಇದರ ಮಾರಿ ಎತ್ತಾಗ ಐತಿ, ಅತ್ತಾಗ’ ಎಂದರು.

ಎಮ್ಮೆಯ ಮಾರಿ ಹಿಡಿದುಕೊಂಡು ಮೋಟೆಬೆನ್ನೂರು ಮುಟ್ಟಿದೆ. ದಂಡಿ ಯಾತ್ರೆಯಲ್ಲಿ ಗಾಂಧಿಯ ಜೊತೆ ನಡೆದ ಮೈಲಾರ ಮಹಾದೇವಪ್ಪನವರ ಊರು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಿದ್ದ ಆ ತರುಣನ ಹೆಸರು ನಿಮ್ಮ ಬಡಾವಣೆಯ ಎಷ್ಟು ರಸ್ತೆಗಳಿಗಿದೆ, ಮನೆಗೆ ಹೋಗುವಾಗ ಎಣಿಸಿಕೊಳ್ಳಿ.

ಅಲ್ಲಿಂದ ಬ್ಯಾಡಗಿ. ಬ್ಯಾಡಗಿಗೆ ದಾರಿ ಕೇಳಬೇಕಾಗಿಲ್ಲ, ಮೂಗೇ ಕರೆದುಕೊಂಡು ಹೋಗುತ್ತದೆ. ಮೆಣಸಿನಕಾಯಿ ಸುಗ್ಗಿಯ ಕಾಲ. ಕಣ್ಣು ಹಾಯುವಷ್ಟು ದೂರ ಕೆಂಪು, ಮೇಲೆ ಗೋಣಿಚೀಲದ ಗುಡ್ಡ. ಈ ಕಾಯಿ ಬಣ್ಣದಲ್ಲಿ ರುದ್ರ, ಖಾರದಲ್ಲಿ ಸಾಧು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಇದರ ಬಣ್ಣ ತೆಗೆದು ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. ಬೆಂಗಳೂರಿನ ಮಾಲುಗಳಲ್ಲಿ ಕನ್ನಡ ಬಾಯಿಗೆ ಬರುವುದಿಲ್ಲ ಎನ್ನುವವರ ತುಟಿಯ ಮೇಲೂ ಬ್ಯಾಡಗಿ ಕುಳಿತಿರಬಹುದು, ಯಾರು ಕಂಡರು! ನಾನು ಹೆಲ್ಮೆಟ್ ಹಾಕಿಕೊಂಡೇ ಮಾರುಕಟ್ಟೆ ಹೊಕ್ಕೆ. ಶುರುವಾಯಿತು ನೋಡಿ ಸೀನು. ಒಂದು, ಎರಡು, ಐದು, ಒಂಬತ್ತು. ಹೆಲ್ಮೆಟ್ಟಿನ ಒಳಗೆ ಸೀನಿದರೆ ಏನಾಗುತ್ತದೆ ಎಂದು ವಿವರಿಸುವುದಿಲ್ಲ, ಊಟದ ಹೊತ್ತು ಹತ್ತಿರವಿದೆ. ಬೆಳಗಿನಿಂದ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ಆ ಸೆರಗಿನ ಹಿಂದೆಯೇ ಬಿದ್ದು ಬಿದ್ದು ನಕ್ಕರು. ಇಡೀ ದಿನ ಅದೇ ಘಾಟಿನಲ್ಲಿ ಕೂರುವವರು ಅವರು. ನಾನು ಹತ್ತು ನಿಮಿಷ ತಡೆಯಲಿಲ್ಲ.

ಹಾವೇರಿಯಲ್ಲಿ ಒಂದು ಏಲಕ್ಕಿ ಹಾರದ ಬೆಲೆ ಕೇಳಿ ಸುಮ್ಮನೆ ಮುಂದೆ ಬಂದೆ. ಸವಣೂರಿನಲ್ಲಿ ದೊಡ್ಡಹುಣಸೆ ಮರಗಳನ್ನು ನೋಡಿದೆ. ಆಫ್ರಿಕಾ ಮೂಲದ ಮರ. ಹತ್ತು ಜನ ಕೈ ಹಿಡಿದುಕೊಂಡರೂ ತಬ್ಬಲಾಗದ ಸೊಂಟ, ಆನೆಯ ಕಾಲಿನಂಥ ತೊಗಲು. ಇಲ್ಲೂ ಒಬ್ಬರು ಬೆನ್ನು ಬಿದ್ದರು: ‘ಒಬ್ಬಾಂವ ಯಾಕ ಬಂದೀರಿ? ಹೆಣ್ಣು ನೋಡಾಕೇನು?’ ಅಲ್ಲ, ಊರು ನೋಡಲು. ‘ಮನ್ಯಾಗ ಜಗಳಾ ಮಾಡ್ಕೊಂಡು ಬಂದೀರೇನು?’ ಅದೂ ಅಲ್ಲ ಎಂದಾಗ ಅವರು ನನ್ನ ಬಗ್ಗೆ ಪೂರ್ತಿ ಆಸೆ ಬಿಟ್ಟರು. ಹೋಗುವ ಮುನ್ನ ಒಂದು ಮಾತು ಎಸೆದು ಹೋದರು: ‘ಗೋಕಾಕರ ಊರು ಇದ, ಗೊತ್ತೈತಿಲ್ಲೋ?’ ಗೆಳೆಯರೇ, ಗೋಕಾಕ್ ಚಳವಳಿಯ ಹೆಸರು ಹೇಳದೆ ನಮ್ಮ ಒಂದು ಭಾಷಣ ಮುಗಿಯುವುದಿಲ್ಲ. ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೋಕಾಕರು ಗೋಕಾಕದವರು ಎಂದೇ ನಂಬಿದ್ದೆ. ‘ಗೊತ್ತು’ ಎಂದು ಸುಳ್ಳು ಹೇಳಿದೆ.

ಕೊನೆಗೆ ಲಕ್ಷ್ಮೇಶ್ವರ. ನಾನು ಅಲ್ಲಿಗೇ ಹೋಗಬೇಕೆಂದು ಹೊರಟವನು. ಹಳೆಯ ಹೆಸರು ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ನಾಲ್ಕು ಊರು ಗುರುತಿಸುತ್ತದೆ: ಕಿಸುವೊಳಲ್, ಅಂದರೆ ಪಟ್ಟದಕಲ್ಲು, ಕೊಪಣ, ಅಂದರೆ ಕೊಪ್ಪಳ, ಒಕ್ಕುಂದ, ಮತ್ತು ಈ ಪುಲಿಗೆರೆ. ನಾಲ್ಕೂ ತುಂಗಭದ್ರೆಯ ಆಚೆಗಿನವು. ಬೆಂಗಳೂರು ಪಟ್ಟಿಯಲ್ಲಿಲ್ಲ, ಮೈಸೂರೂ ಇಲ್ಲ. ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ದೇಸಿ ನುಡಿಗಳು ಎಷ್ಟು ಬೇರೆ ಬೇರೆ ಎಂದರೆ, ಅವುಗಳ ತಪ್ಪು ಎಣಿಸಲು ಕೂತರೆ ವಾಸುಕಿಗೂ ಬೇಸರ ಬಂದೀತು ಎಂಬ ಅರ್ಥದ ಮಾತು. ಸಾವಿರದ ನೂರು ವರ್ಷಕ್ಕೂ ಹಿಂದೆ!

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು, ಸೋಮೇಶ್ವರನ ಗುಡಿಯ ಕೋಟೆಯಂಥ ಗೋಡೆ ನೋಡಿಕೊಂಡು, ಹಸಿದು ಒಂದು ಖಾನಾವಳಿಗೆ ನುಗ್ಗಿದೆ. ಬೆಳಗಿನ ಹತ್ತೂವರೆ. ‘ಅಮ್ಮಾ, ತಿಂಡಿ ಏನಿದೆ?’ ಎಂದೆ. ಒಲೆಯ ಮುಂದಿದ್ದ ಅಜ್ಜಿ ತಿರುಗಿ ನೋಡಿ, ‘ತಿಂಡಿ ಎದ್ದಿದ್ರ ದವಾಖಾನಿಗೆ ಹೋಗಪಾ. ಹಸಿವಾಗಿದ್ರ ಇಲ್ಲಿ ಕುಂದ್ರು’ ಎಂದಳು. ಆ ಕಡೆ ತಿಂಡಿ ಅಂದರೆ ತುರಿಕೆ! ತಿನ್ನುವುದಕ್ಕೆ ನಾಷ್ಟಾ ಎನ್ನಬೇಕು. ಅಜ್ಜಿಗೆ ನನ್ನ ತಿಂಡಿ ಯಾವುದೆಂದು ಗೊತ್ತಿಲ್ಲದೆ ಏನಲ್ಲ. ಬೇಕೆಂದೇ ಕಾಲೆಳೆದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮೂರು ರೊಟ್ಟಿ ಮುಗಿಯುವವರೆಗೂ, ಬಂದ ಗಿರಾಕಿಗಳಿಗೆಲ್ಲ ನನ್ನನ್ನು ತೋರಿಸಿ, ‘ಈ ತಮ್ಮಗ ತಿಂಡಿ ಬೇಕಂತ’ ಎನ್ನುತ್ತಲೇ ಇದ್ದಳು.

ಹೊರಗೆ ಬಂದರೆ ಸ್ಕೂಟರಿನ ಕ್ಲಚ್ ವೈರ್ ಕಡಿದಿತ್ತು. ಅರ್ಧ ಮೈಲಿ ತಳ್ಳಿಕೊಂಡು ಒಂದು ಗ್ಯಾರೇಜು ಮುಟ್ಟಿದೆ. ಇಪ್ಪತ್ತೈದರ ಹುಡುಗ. ನನ್ನ ಬಾಯಿಂದ ಎರಡು ಮಾತು ಬೀಳುತ್ತಲೇ, ‘ಬೆಂಗಳೂರಿನವ್ರೇನ್ರಿ?’ ಎಂದ. ತಾನೂ ಅಲ್ಲಿ ಎರಡು ವರ್ಷ ಗ್ಯಾರೇಜಿನಲ್ಲಿದ್ದೆ ಎಂದ. ಯಾಕೆ ಬಿಟ್ಟು ಬಂದೆ, ಸಂಬಳ ಕಡಿಮೆಯೇ ಎಂದು ಕೇಳಿದೆ.

‘ಪಗಾರ ಚಲೋ ಇತ್ರಿ. ನಾ ಮಾತಾಡಿದ್ರ ನಗತಿದ್ರು. ಕನ್ನಡದವ್ರ ನಗತಿದ್ರು. ಒಬ್ಬಾಂವ ಗಿರಾಕಿ ದಿನಾ ಬಂದು, ಇನ್ನೊಮ್ಮೆ ಹೇಳು ಅಂತ ಹೇಳಿಸಿ ಫೋನಿನ್ಯಾಗ ತುಂಬ್ಕೊಂಡು ಹೋಗತಿದ್ದ. ಆಮ್ಯಾಲ ನಾ ಮಾತ ಬಿಟ್ಟೆ. ಅವ್ವ ಫೋನ್ ಮಾಡಿದ್ರ ಗ್ಯಾರೇಜಿನ ಹಿಂದ ಹೋಗಿ ಸಣ್ಣ ದನ್ಯಾಗ ಮಾತಾಡತಿದ್ದೆ. ಒಂದಿನ ಅವ್ವ ಕೇಳಿದ್ಲು, ಯಾಕೋ, ಮೈಯಾಗ ಅರಾಮಿಲ್ಲೇನು ಅಂತ. ಬಂದ್ಬಿಟ್ಟೆ.’

ಇಷ್ಟು ಹೇಳಿ ವೈರಿಗೆ ಗ್ರೀಸು ಹಚ್ಚುತ್ತ ಕೂತ. ಯಾರ ಮೇಲೂ ಸಿಟ್ಟಿರಲಿಲ್ಲ ಅವನಿಗೆ. ಹೊರ ರಾಜ್ಯದವರು ನಮ್ಮ ಹುಡುಗನನ್ನು ಹೀಗೆ ಮಾಡಿದ್ದರೆ ನಾವು ಬೀದಿಗಿಳಿಯುತ್ತಿದ್ದೆವು, ಅಲ್ಲವೇ? ನನಗೆ ಆ ಸ್ಟೀಲಿನ ತಟ್ಟೆ ನೆನಪಾಯಿತು. ಅವನಿಗೆ ಹೇಳಬೇಕೆಂದುಕೊಂಡೆ. ಬಾಯಿ ಬರಲಿಲ್ಲ. ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಏನೋ ಒಂದು ಮಾತಾಡಬೇಕಲ್ಲ ಎಂದು, ‘ಅವರಿಗೆ ಬುದ್ಧಿ ಇಲ್ಲ ಕಣ್ರೀ’ ಎಂದೆ. ಪಕ್ಕದ ಚಹಾದ ಅಂಗಡಿಯ ಮುಂದೆ ಕೂತಿದ್ದ ನಾಲ್ಕೈದು ಹುಡುಗರು ಕಿಸಕ್ಕೆಂದರು. ಒಬ್ಬ ಎದ್ದು ಬಂದ. ‘ಏನಂದ್ರಿ? ಕಣ್ರೀ?’ ಹೌದು. ‘ಕಣ್ರೀ ಅನ್ರಿ ಇನ್ನೊಮ್ಮೆ!’ ಎಂದೆ. ನಕ್ಕರು. ‘ಕಣೋ ಅನ್ರಿ.’ ಅಂದೆ. ‘ಬತ್ತೀನಿ, ಓಯ್ತೀನಿ ಅನ್ರಿ.’ ಅದನ್ನೂ ಅಂದೆ. ಸಾಲಿ ಬಿಟ್ಟು ಬರುತ್ತಿದ್ದ ಮಕ್ಕಳು ಸುತ್ತ ನಿಂತವು. ಅರ್ಧ ತಾಸು ನನ್ನ ಬಾಯಿಂದ ಬೆಂಗಳೂರು ಮಾತಾಡಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಮೆಕ್ಯಾನಿಕ್ ಹುಡುಗ ಎಲ್ಲರಿಗಿಂತ ಜಾಸ್ತಿ ನಕ್ಕ. ಸ್ಪ್ಯಾನರ್ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಯಾರೂ ಫೋನು ತೆಗೆಯಲಿಲ್ಲ.

ಗಾಡಿ ತಯಾರಾಯಿತು. ಎಷ್ಟು ಎಂದು ಕೇಳಿದೆ. ‘ವೈರಿನ ರೊಕ್ಕಾ ಅಷ್ಟ ಕೊಡ್ರಿ, ಕೈಗೂಲಿ ಬ್ಯಾಡ’ ಎಂದ. ಬೇಡ, ತೆಗೆದುಕೋ ಎಂದು ನೂರರ ನೋಟು ಮುಂದೆ ಹಿಡಿದೆ.

‘ಇರ್ಲಿ ತಗೋರಿ. ಇಷ್ಟೊತ್ತು ನಾಟಕಾ ನೋಡಿದ್ವಲ್ಲ, ತಿಕೀಟು ಅಂತ ತಿಳ್ಕೋರಿ.’

ಆ ನೋಟು ಇನ್ನೂ ಸ್ಕೂಟರಿನ ಡಿಕ್ಕಿಯಲ್ಲಿದೆ. ಈ ನವೆಂಬರಿಗೆ ಅದೇ ಪೆದ್ದನ ಪಾತ್ರ ಇನ್ನೊಮ್ಮೆ ಮಾಡು ಎಂದು ಬಳಗದವರು ಹೋದ ವಾರ ಕೇಳಿದರು. ಕೇಳಿದವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ.