ಲೋಕಲ್ ಎಂದರೆ ಹೊಗಳಿಕೆಯೋ, ಬೈಗುಳವೋ?

ಕುಮಟಾದ ಮೀನುಪೇಟೆಯಲ್ಲಿ ‘ಲೋಕಲ್ ಬಂಗಡೆ’ ಎಂದರೆ ದರ ಏರುತ್ತದೆ. ಮೊಬೈಲ್ ಅಂಗಡಿಯಲ್ಲಿ ‘ಲೋಕಲ್ ಚಾರ್ಜರ್’ ಎಂದರೆ ಗಿರಾಕಿ ಚಾಚಿದ ಕೈ ಹಿಂದೆಳೆಯುತ್ತಾನೆ.

ಹೊನ್ನಾವರದಿಂದ ಭಟ್ಕಳಕ್ಕೆ ಹೊರಟ ಲೋಕಲ್ ಬಸ್ಸು ಕಾಸರಕೋಡು, ಮಂಕಿ, ಶಿರಾಲಿ ಎಂದು ನಿಲ್ಲುತ್ತ ಸಾಗುತ್ತದೆ. ಚುನಾವಣೆ ಬಂತೆಂದರೆ ಅದೇ ಪದ ಅಭ್ಯರ್ಥಿಯ ಅರ್ಹತೆ!

ಮೀನಿನ ಲೋಕಲ್ ಮಾತ್ರ ಕ್ಯಾಲೆಂಡರ್ ನೋಡುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೇ ಮುಗಿಯುತ್ತದೆ. ಆಮೇಲೆ ಅಲ್ಲಿಯ ಮೀನು ಮಂಜುಗಡ್ಡೆ ಹೊದ್ದು ಲಾರಿ ಏರುತ್ತದೆ. ಆಗ ಇಲ್ಲಿ ನಿಜವಾದ ಲೋಕಲ್ ಎಂದರೆ ನಾಡದೋಣಿಯವರು ತಂದ ಅಷ್ಟಿಷ್ಟು ಮೀನು.

ಜುಲೈಯಲ್ಲಿ ಬುಟ್ಟಿ ತುಂಬ ‘ಲೋಕಲ್’ ಕಂಡರೆ, ಕಿವಿರು ಎತ್ತಿ ನೋಡಿಯೇ ಕೊಳ್ಳಿ.