ಮೊದಲ ವ್ಯಾಟ್

ವಿದುರಾಶ್ವತ್ಥದಿಂದ ಹೆಚ್ಚು ದೂರವಿಲ್ಲದ ಗೌರಿಬಿದನೂರಿನ ಬಯಲಿನಲ್ಲಿ 1970ರ ದಶಕದಲ್ಲಿ ಒಂದು ಸಾವಿರ ಆಂಟೆನಾಗಳು ಎದ್ದು ನಿಂತವು. ಪೂರ್ವ ಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರ್ ಉದ್ದದ ಒಂದು ಸಾಲು, ಅದರ ನಡುವಿನಿಂದ ದಕ್ಷಿಣಕ್ಕೆ ಇಳಿಯುವ ಇನ್ನೊಂದು ಸಾಲು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ ರೇಡಿಯೋ ದೂರದರ್ಶಕ ಅದು. ಆಕಾಶದಿಂದ ಬರುವ 34.5 ಮೆಗಾಹರ್ಟ್ಸ್‌ನ ಅತಿ ಕ್ಷೀಣ ಅಲೆಗಳನ್ನು ಹಿಡಿಯುವುದು ಅದರ ಕೆಲಸವಾಗಿತ್ತು. ಅಲೆ ಬಲಹೀನವಾಗಿರುವುದರಿಂದ ಅದನ್ನು ಮೊದಲು ಹಿಗ್ಗಿಸಲೇಬೇಕು. ಆದರೆ ಅಲ್ಲಿನ ಆಂಪ್ಲಿಫೈಯರ್‌ಗೆ ಎಷ್ಟು ಶಕ್ತಿಯಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಕ್ಷೀಣ ಅಲೆಯನ್ನು ಅದು ಕೆಡಿಸದೆ ಹಿಗ್ಗಿಸುತ್ತದೆಯೇ ಎನ್ನುವುದು ಮುಖ್ಯ.

ಮನೆಯಲ್ಲಿ ಹಾಡು ಕೇಳುವವರು ಕೇಳುವ ಪ್ರಶ್ನೆ ಬೇರೆ: "ಎಷ್ಟು ವ್ಯಾಟ್?"

ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನ ಮೇಲೆ 40 ಎಂದೋ 50 ಎಂದೋ ಬರೆದಿರುತ್ತದೆ. ಈಗ ಕೆಲವು ಹವ್ಯಾಸಿಗಳು ಅದನ್ನು ಪಕ್ಕಕ್ಕಿಟ್ಟು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಹುಡುಕಿ, ಟ್ರಾನ್ಸಿಸ್ಟರ್‌ಗಿಂತ ಹಳೆಯ ತಂತ್ರವಾದ ಗಾಜಿನ ವಾಲ್ವ್ ಬಳಸಿ ನಾಲ್ಕೈದು ವ್ಯಾಟಿನ ಆಂಪ್ಲಿಫೈಯರ್ ಕಟ್ಟಿಕೊಳ್ಳುತ್ತಾರೆ. ನೋಡಿದವರಿಗೆ ಇದು ಹಿಂದಕ್ಕೆ ನಡೆದಂತೆ ಕಾಣುತ್ತದೆ. ಲೆಕ್ಕ ಹಾಕಿದರೆ ಹಾಗಿಲ್ಲ.

ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು ಮೂರೇ ಡೆಸಿಬಲ್. ಹತ್ತು ಪಟ್ಟಾದರೆ ಹತ್ತು ಡೆಸಿಬಲ್. ಕಿವಿಗೆ ಅದು ಸುಮಾರು ಎರಡರಷ್ಟು ಜೋರು ಎನಿಸುತ್ತದೆ, ಅಷ್ಟೇ. ಇನ್ನು ಸ್ಪೀಕರ್‌ಗಳಲ್ಲೂ ಭೇದವಿದೆ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 86 ಡೆಸಿಬಲ್ ನುಡಿಯುವುದು ಒಂದಾದರೆ, ಅದೇ ಒಂದು ವ್ಯಾಟಿಗೆ 96 ಡೆಸಿಬಲ್ ನುಡಿಯುವುದು ಇನ್ನೊಂದು. ಮೊದಲನೆಯದಕ್ಕೆ 40 ವ್ಯಾಟ್, ಎರಡನೆಯದಕ್ಕೆ 4 ವ್ಯಾಟ್ ಕೊಡಿ: ಎರಡೂ ಮುಟ್ಟುವುದು ಒಂದೇ ಮಟ್ಟ, 102 ಡೆಸಿಬಲ್. ಮನೆಯೊಳಗೆ ಅಷ್ಟು ಜೋರಾಗಿ ಹೆಚ್ಚು ಹೊತ್ತು ಕೇಳುವವರಿಲ್ಲ. ಬೆಳಗಿನ ಹೊತ್ತು ಹಜಾರದಲ್ಲಿ ವೀಣೆಯ ಧ್ವನಿಮುದ್ರಿಕೆ ಹಾಕಿದರೆ ಸಾಮಾನ್ಯ ಸ್ಪೀಕರ್‌ಗೂ ಬಹುಪಾಲು ಒಂದು ವ್ಯಾಟಿನೊಳಗೇ ಕೆಲಸ ಮುಗಿಯುತ್ತದೆ. ಉಳಿದದ್ದು ಮೃದಂಗದ ಗಟ್ಟಿ ಪೆಟ್ಟಿಗೆಂದು ಇಟ್ಟುಕೊಂಡ ಮೀಸಲು.

ಹಾಗಾದರೆ ಹೋಲಿಸಬೇಕಾದದ್ದು ಆ ಮೊದಲ ವ್ಯಾಟನ್ನು. ಅಲ್ಲಿ ಟ್ರಾನ್ಸಿಸ್ಟರ್, ವಾಲ್ವ್ ಎರಡರ ನಡೆಯೂ ಬೇರೆಬೇರೆ.

ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ಹೊರುತ್ತವೆ. ಒಂದರಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ಸಣ್ಣ ಕೊಂಕು ಉಳಿಯಬಹುದು. ಜೋರು ಸದ್ದಿನಲ್ಲಿ ಅದು ಮುಚ್ಚಿಹೋಗುತ್ತದೆ, ಮೆಲುದನಿಯಲ್ಲಿ ಎದ್ದು ಕಾಣುತ್ತದೆ. ಚೆನ್ನಾಗಿ ರೂಪಿಸಿದ ಯಂತ್ರಗಳು ಇದನ್ನು ಬಹುಮಟ್ಟಿಗೆ ಗೆದ್ದಿವೆ. ಅಗ್ಗದ ಹಳೆಯವು ಗೆದ್ದಿಲ್ಲ. ಒಂದೇ ವಾಲ್ವ್ ಇಡೀ ಅಲೆಯನ್ನು ಹೊರುವ ಸಣ್ಣ ಆಂಪ್ಲಿಫೈಯರ್‌ನಲ್ಲಿ ಆ ದಾಟುವಿಕೆಯೇ ಇಲ್ಲ.

ಆದರೂ ವಾಲ್ವ್ ಏನನ್ನೂ ಸೇರಿಸುವುದಿಲ್ಲವೆಂದಲ್ಲ. ಸೇರಿಸುತ್ತದೆ, ಟ್ರಾನ್ಸಿಸ್ಟರ್‌ಗಿಂತ ಹೆಚ್ಚಾಗಿಯೇ. ಆದರೆ ಅದು ಸೇರಿಸುವುದರಲ್ಲಿ ಹೆಚ್ಚಿನ ಪಾಲು ಮೂಲ ಕಂಪನದ ಎರಡರಷ್ಟಿರುವ ಸ್ವರ. ಷಡ್ಜ 240 ಹರ್ಟ್ಸ್ ಆದರೆ ಎರಡರಷ್ಟು 480, ಅಂದರೆ ತಾರಷಡ್ಜ. ಮೂರರಷ್ಟು ತಾರಸ್ಥಾಯಿಯ ಪಂಚಮ. ಐದರಷ್ಟು ಅಂತರ ಗಾಂಧಾರ. ಶ್ರುತಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದಿದ್ದರೂ ಕೇಳಿಸುವ ಗಾಂಧಾರ ಇದೇ. ಏಳರಷ್ಟು ಮಾತ್ರ ಕೈಶಿಕಿ ನಿಷಾದದ ಹತ್ತಿರ ಬಂದು ಅದಕ್ಕಿಂತ ಇಳಿದೇ ನಿಲ್ಲುತ್ತದೆ. ತಾರಷಡ್ಜ ತುಸು ಹೆಚ್ಚಾದರೆ ಕಿವಿ ಒಪ್ಪಿಕೊಳ್ಳುತ್ತದೆ, ಏಳನೆಯದು ಹೆಚ್ಚಾದರೆ ಕೆರೆದಂತಾಗುತ್ತದೆ. ವಾಲ್ವಿನ ಧ್ವನಿಯಲ್ಲಿ ಬಿಸುಪು ಇದೆ ಎನ್ನುವವರು ಹೇಳುವುದು ಬಹುಮಟ್ಟಿಗೆ ಇದನ್ನೇ. ಅದು ಇಂಪು, ನಿಜ. ಮೂಲದಲ್ಲಿಲ್ಲದ ಇಂಪು ಎನ್ನುವುದೂ ಅಷ್ಟೇ ನಿಜ.

ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನ ಪರವಾಗಿ ಹೇಳಲೇಬೇಕಾದದ್ದಿದೆ. ಖರ್ಜದ ಮೇಲೆ ಅದರ ಹಿಡಿತ ಬಿಗಿ. ವಾಲ್ವ್ ಆಂಪ್ಲಿಫೈಯರ್‌ನಲ್ಲಿ ಸದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾದು ಬರಬೇಕು. ಅದು ಕಳಪೆಯಾಗಿದ್ದರೆ ಮೃದಂಗದ ಎಡಭಾಗ ಸಡಿಲಾಗುತ್ತದೆ. ವಿದ್ಯುತ್ತಿನ ಖರ್ಚೂ ಹೆಚ್ಚು. ಇಎಲ್84 ಎಂಬ ಪುಟ್ಟ ವಾಲ್ವಿನ ತಂತಿ ಕಾಯಿಸಲು ಸುಮಾರು ಐದು ವ್ಯಾಟ್, ಅದು ನಡೆಯಲು ಇನ್ನೂ ಹನ್ನೆರಡು ವ್ಯಾಟ್ ಬೇಕು. ಹಾಡು ಇರಲಿ ಬಿಡಲಿ, ಅಷ್ಟೂ ಉರಿಯುತ್ತದೆ. ಹೊರಬರುವ ಸದ್ದು ಐದು ವ್ಯಾಟ್ ಇದ್ದರೆ ಹೆಚ್ಚು.

ಈ ಸಣ್ಣ ವಾಲ್ವ್ ಕನ್ನಡದ ಮನೆಗಳಿಗೆ ಹೊಸದೇನಲ್ಲ. ಆಕಾಶವಾಣಿಯ ಬೆಂಗಳೂರು ಕೇಂದ್ರ 1955ರ ನವೆಂಬರ್ 2ರಂದು ಆರಂಭವಾದಾಗ ಅದನ್ನು ಕೇಳಿಸುತ್ತಿದ್ದದ್ದು ವಾಲ್ವ್ ರೇಡಿಯೋಗಳೇ. ಸ್ವಿಚ್ ಹಾಕಿ, ಕಾಯುವವರೆಗೆ ತಡೆದು, ಆಮೇಲೆ ಕೇಳುತ್ತಿದ್ದ ಆ ಮರದ ಪೆಟ್ಟಿಗೆಗಳ ಶಕ್ತಿಯೂ ನಾಲ್ಕಾರು ವ್ಯಾಟಿನೊಳಗೇ. ಮನೆಯವರ ಜೊತೆ ನೆರೆಹೊರೆಯವರೂ ಕೂತು ಸಂಗೀತ, ವಾರ್ತೆ ಕೇಳಲು ಅಷ್ಟು ಸಾಕಾಗುತ್ತಿತ್ತು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವ್‌ಗಳನ್ನು ಇಲ್ಲಿಯೇ ಮಾಡತೊಡಗಿತು. ಮರುವರ್ಷವೇ ಜರ್ಮೇನಿಯಂ ಸಾಧನಗಳ ತಯಾರಿಕೆಯೂ ಶುರುವಾಯಿತು. ವಾಲ್ವೂ ಅದನ್ನು ಮೂಲೆಗೆ ಸರಿಸಲಿದ್ದ ಟ್ರಾನ್ಸಿಸ್ಟರ್ ತಂತ್ರವೂ ನಮ್ಮ ನಾಡಿನ ಒಂದೇ ಕಾರ್ಖಾನೆಯಿಂದ ಬಂದವು. ಆ ಕಾರ್ಖಾನೆಯ ಗುರುತಿರುವ ವಾಲ್ವ್‌ಗಳನ್ನು ಹವ್ಯಾಸಿಗಳು ಈಗಲೂ ಹುಡುಕುತ್ತಾರೆ.

ಆದ್ದರಿಂದ ಹಳೆಯ ಆಂಪ್ಲಿಫೈಯರ್ ಮಾರುವ ಮೊದಲು ಸ್ಪೀಕರ್‌ನ ಹಿಂಬದಿಯನ್ನೋ ಅದರ ಜೊತೆ ಬಂದ ಕಾಗದವನ್ನೋ ನೋಡಿ. ಒಂದು ವ್ಯಾಟಿಗೆ 90 ಡೆಸಿಬಲ್‌ಗಿಂತ ಕಡಿಮೆಯಿದ್ದು, ಹಜಾರವೂ ದೊಡ್ಡದಾಗಿದ್ದರೆ ಇರುವ ಟ್ರಾನ್ಸಿಸ್ಟರ್ ಯಂತ್ರವೇ ಒಳ್ಳೆಯದು. 95ರ ಆಸುಪಾಸಿದ್ದರೆ ಸಣ್ಣ ವಾಲ್ವ್ ಆಂಪ್ಲಿಫೈಯರ್ ಧಾರಾಳವಾಗಿ ನುಡಿಯುತ್ತದೆ. ಹೋಲಿಸುವಾಗ ಎರಡರ ಸದ್ದನ್ನೂ ಸಮ ಮಾಡಿಕೊಳ್ಳಿ, ಏಕೆಂದರೆ ತುಸು ಜೋರಾಗಿರುವುದೇ ಕಿವಿಗೆ ಚೆನ್ನ ಎನಿಸಿಬಿಡುತ್ತದೆ. ಮೆಲುದನಿಯಲ್ಲಿ ಬರೀ ತಂಬೂರಿ ಹಾಕಿ, ಗಾಂಧಾರ ಕೇಳಿಸುತ್ತದೆಯೇ ಗಮನಿಸಿ. ಅಟ್ಟದ ಮೇಲೆ ಹಿರಿಯರ ವಾಲ್ವ್ ರೇಡಿಯೋ ಇದ್ದರೆ ಗುಜರಿಗೆ ಹಾಕಬೇಡಿ. ಹಾಗೆಂದು ನೇರವಾಗಿ ಪ್ಲಗ್‌ಗೂ ಸಿಕ್ಕಿಸಬೇಡಿ. ಒಳಗೆ ಇನ್ನೂರೈವತ್ತು ವೋಲ್ಟ್ ಓಡಾಡುತ್ತದೆ, ಸ್ವಿಚ್ ತೆಗೆದ ಮೇಲೂ ಕಂಡೆನ್ಸರ್‌ಗಳಲ್ಲಿ ಉಳಿದಿರುತ್ತದೆ. ಕೆಲಸ ಬಲ್ಲ ಮೆಕ್ಯಾನಿಕ್‌ನಿಂದ ಹಳೆಯ ಕಂಡೆನ್ಸರ್‌ಗಳನ್ನು ಬದಲಾಯಿಸಿಕೊಂಡೇ ಅದನ್ನು ಹಚ್ಚಿ.